ದಮ್ಮಿನವರಿಗೆ ಉಸಿರಾಟದ ಪ್ರಶ್ನಾವಳಿ: ಅನುವಾದ ಸರಿಯಾಗಿದೆ ಅಂತ ತಿಳಿಯೋದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಊರು ವಿಜಯಪುರ, ಪುಣೆಯಲ್ಲಿ ಎಂಪಿಟಿ (ಫಿಸಿಯೋಥೆರಪಿ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಆಸ್ತಮಾ ಇರುವವರಲ್ಲಿ ಉಸಿರಾಡುವ ರೀತಿಯೂ ಕೆಟ್ಟಿದೆಯಾ ಅಂತ ನೋಡಲು ನೈಮೇಗನ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದಿದ್ದೇವೆ. 16 ಪ್ರಶ್ನೆ, ಒಂದೊಂದಕ್ಕೆ 0ರಿಂದ 4 ಅಂಕ. ಇಬ್ಬರು ಅನುವಾದಿಸಿದರು. ಇನ್ನಿಬ್ಬರು ಮೂಲ ನೋಡದೆ ವಾಪಸ್ ಇಂಗ್ಲಿಷಿಗೆ ತಿರುಗಿಸಿದರು. ಚೆನ್ನಾಗಿ ಹೊಂದಿತು. ಇಷ್ಟು ಸಾಕಾ? ಎಷ್ಟು ಜನ ಬೇಕು?

ಉತ್ತರ: ಒಳ್ಳೆಯ ಕೆಲಸ ಹಿಡಿದಿದ್ದೀರಿ. ಆದರೆ ಇಷ್ಟು ಸಾಲದು. ತಿರುಗಿಸಿದ ನಾಲ್ವರೂ ಓದಿಕೊಂಡವರು, ಅಲ್ವಾ? ಮುಂಬೈಯಲ್ಲಿ ನನ್ನ ಹತ್ತಿರ ಉಡುಪಿ ಕಡೆಯ ರೋಗಿಗಳೂ ಬರುತ್ತಾರೆ, ಕಲಬುರಗಿ ಕಡೆಯವರೂ ಬರುತ್ತಾರೆ. 'ಆಗಾಗ' ಅಂದರೆ ಒಬ್ಬರಿಗೆ ಯಾವಾಗಲೋ ಒಮ್ಮೆ, ಇನ್ನೊಬ್ಬರಿಗೆ ಪದೇ ಪದೇ. ಅಲ್ಲಿಗೆ 2 ಅಂಕವೋ 3 ಅಂಕವೋ? ಬೆರಳು ಜುಮ್ಮೆನ್ನುತ್ತದಾ ಅಂತ ಕೇಳಬೇಕಾದಲ್ಲಿ 'ಜೋಮು' ಅಂತ ಬರೆದರೆ, ಕೆಲವರು ಮರಗಟ್ಟಿದ್ದು ಅಂತಲೇ ತಿಳಿಯುತ್ತಾರೆ. ವಾಪಸ್ ಅನುವಾದದಲ್ಲಿ ಇದು ಸಿಕ್ಕಿಬೀಳುವುದಿಲ್ಲ.

ಹಾಗಾಗಿ ಮೊದಲು 30-40 ರೋಗಿಗಳ ಜೊತೆ ಕೂತು, 'ಈ ಪ್ರಶ್ನೆ ಏನು ಕೇಳ್ತಿದೆ, ನಿಮ್ಮ ಮಾತಲ್ಲೇ ಹೇಳಿ' ಅನ್ನಿ. ಸುಮ್ನೆ 'ಅರ್ಥ ಆಯ್ತಾ?' ಅಂದರೆ ಎಲ್ಲರೂ ಹೂಂ ಅಂತಾರೆ. ಎರಡೂ ಕಡೆಯವರು ಇರಲಿ, ಕಡಿಮೆ ಓದಿದವರೂ ಇರಲಿ. ಅವರು ಎಡವಿದ ಪದ ಬದಲಿಸಿ, ಮತ್ತೆ ಕೇಳಿ.

ಆಮೇಲೆ ಲೆಕ್ಕ. ಸಾಮಾನ್ಯವಾಗಿ ಒಂದು ಪ್ರಶ್ನೆಗೆ 5ರಿಂದ 10 ಜನ, ಅಂದರೆ ನಿಮಗೆ 80ರಿಂದ 160. ಕ್ರಾನ್‌ಬಾಕ್ ಆಲ್ಫಾ, ಅಂದರೆ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಳತೆ, 0.7 ದಾಟಲಿ. ಒಂದೆರಡು ವಾರ ಬಿಟ್ಟು ಕೆಲವರಿಂದ ಇನ್ನೊಮ್ಮೆ ತುಂಬಿಸಿ, ಅಂಕ ಹಾಗೇ ಬರುತ್ತದಾ ನೋಡಿ. ಆ ನಡುವೆ ಔಷಧಿ ಬದಲಾಗಿದ್ದರೆ ಅವರನ್ನು ಸೇರಿಸಬೇಡಿ.

ಪ್ರಶ್ನೆ: ಒಟ್ಟು ಅಂಕ 23 ದಾಟಿದರೆ ಉಸಿರಾಡುವ ರೀತಿಯಲ್ಲಿ ತೊಂದರೆ ಇದೆ ಅಂತ ಬರೆಯಬಹುದಾ ಮೇಡಂ?

ಉತ್ತರ: ಆತುರ ಬೇಡ. ಎದೆ ಬಿಗಿತ, ಉಸಿರು ಸಾಲದಿರುವುದು ಆಸ್ತಮಾದಲ್ಲೂ ಇದ್ದೇ ಇರುತ್ತದೆ. ಈ ಪ್ರಶ್ನಾವಳಿ ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ, ಅತಿಯಾಗಿ ಉಸಿರೆಳೆಯುವವರನ್ನು ಗುರುತಿಸಲು. ಆದ್ದರಿಂದ ಆಸ್ತಮಾ ಎಷ್ಟು ಹತೋಟಿಯಲ್ಲಿದೆ, ಆತಂಕ ಎಷ್ಟಿದೆ ಅನ್ನುವುದನ್ನೂ ಜೊತೆಗೇ ಅಳೆಯಿರಿ. ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶ ಪರೀಕ್ಷಿಸುವುದು) ಚೆನ್ನಾಗಿದ್ದೂ ಅಂಕ ಜಾಸ್ತಿ ಬಂದವರನ್ನು ಕೂರಿಸಿ, ಅವರು ಉಸಿರಾಡುವುದನ್ನು ಕಣ್ಣಾರೆ ನೋಡಿ.

ಇನ್ನೊಬ್ಬರು: ನಮ್ಮಮ್ಮನಿಗೆ 27 ಬಂತು. ಇನ್ಹೇಲರ್ ಬಿಡಿಸಬಹುದಾ?

ಉತ್ತರ: ಬೇಡಮ್ಮ, ಖಂಡಿತ ಬೇಡ. ಆಸ್ತಮಾ, ಉಸಿರಾಡುವ ರೀತಿಯ ತೊಂದರೆ ಎರಡೂ ಒಟ್ಟಿಗೇ ಇರಬಹುದು. ಇನ್ಹೇಲರ್ ಹಾಗೇ ನಡೆಯಲಿ. ಆ ಹಾಳೆಯನ್ನು ಅವರ ಡಾಕ್ಟರಿಗೆ ತೋರಿಸಿ, ಉಸಿರಾಟದ ವ್ಯಾಯಾಮ ಕಲಿಸುವ ಫಿಸಿಯೋ ಬಗ್ಗೆ ಕೇಳಿ.