ಅಪ್‌ಡೇಟ್: ಪಾಯಿಂಟ್ಸೋ ಕ್ಯಾಲೊರಿಯೋ, ಆರಿಸಿಕೊಂಡಾಯಿತು

ತೂಕ ಇಳಿಸಲು ಪಾಯಿಂಟ್ಸ್ ಪದ್ಧತಿ (ವೇಟ್ ವಾಚರ್ಸ್‌ನಂತೆ ಪ್ರತಿ ತಿನಿಸಿಗೂ ಅಂಕ ಕೊಟ್ಟು, ದಿನಕ್ಕೆ ಇಂತಿಷ್ಟೇ ಅಂಕ ಎಂದು ಮಿತಿ ಹಾಕುವುದು) ಒಳ್ಳೆಯದೋ ಕ್ಯಾಲೊರಿ ಲೆಕ್ಕವೋ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಕ್ಯಾಲೊರಿಯನ್ನೇ ಆರಿಸಿಕೊಂಡೆ; ಬೆಲ್ಟ್ ಒಂದು ತೂತು ಒಳಕ್ಕೆ ಸರಿದಿದೆ.

ಪಾಯಿಂಟ್ಸ್ ಪದ್ಧತಿಯನ್ನು ತಳ್ಳಿಹಾಕುತ್ತಿಲ್ಲ. ಸಕ್ಕರೆ, ಸ್ಯಾಚುರೇಟೆಡ್ ಕೊಬ್ಬು ಹೆಚ್ಚಿದಷ್ಟೂ ಪಾಯಿಂಟ್ ಏರುತ್ತದೆ, ಪ್ರೋಟೀನ್ ಇದ್ದರೆ ಇಳಿಯುತ್ತದೆ. ಹಣ್ಣಿಗೆ, ಹಲವು ತರಕಾರಿಗಳಿಗೆ ಸೊನ್ನೆ. ಲೆಕ್ಕದ ಗೋಜು ಬೇಡದವರಿಗೆ ಅದೇ ಹಿತ. ಆದರೆ ಅಮ್ಮ ಮಾಡುವ ಬಸ್ಸಾರಿಗೆ, ಅವರೆಕಾಳಿನ ಉಪ್ಪಿಟ್ಟಿಗೆ ಪಾಯಿಂಟ್ ಕೊಡುವವರು ಯಾರು? ಕ್ಯಾಲೊರಿಗಾದರೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕವಿದೆ. ರಾಗಿ, ಹುರುಳಿ, ಸೊಪ್ಪು ಎಲ್ಲವೂ ಅದರಲ್ಲಿ ಸಿಗುತ್ತವೆ.

ನನ್ನ ಕಣ್ಣು ತೆರೆಸಿದ್ದು ಒಗ್ಗರಣೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ಅಷ್ಟೇ ಪಿಷ್ಟಕ್ಕೆ 4. ಅಂದಾಜಿನಲ್ಲಿ ಸುರಿಯುತ್ತಿದ್ದ ಎಣ್ಣೆಯನ್ನು ಈಗ ಚಮಚದಲ್ಲಿ ಅಳೆಯುತ್ತೇವೆ. ಸಾಸಿವೆ ಅಷ್ಟರಲ್ಲೇ ಚಟಪಟ ಸಿಡಿಯುತ್ತದೆ. ಮುದ್ದೆ ತಟ್ಟೆ ಬಿಟ್ಟು ಹೋಗಿಲ್ಲ, ಗಾತ್ರವಷ್ಟೇ ಚಿಕ್ಕದಾಗಿದೆ. ಭಾನುವಾರ ಜಯನಗರದ ಬೆಣ್ಣೆ ಮಸಾಲೆ ದೋಸೆಯೂ ಉಳಿದಿದೆ. ಅಂದು ರಾತ್ರಿ ಮಜ್ಜಿಗೆ, ಕೋಸಂಬರಿ ಮಾತ್ರ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ದಯವಿಟ್ಟು ವೈದ್ಯರನ್ನು ಕೇಳಿಯೇ ಊಟ ಕಡಿಮೆ ಮಾಡಿ.