ಅಳತೆಗೆ ಸಿಗದ ಮಳೆಯನ್ನು ಏನೆಂದು ಬರೆಯೋಣ?

ಬರ ಶುರುವಾದಾಗಿನಿಂದ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಮಳೆಮಾಪಕ ನೋಡಿ ಬರೆದಿಡುತ್ತಿದ್ದೇನೆ. ಪುಟದ ತುಂಬ ಸೊನ್ನೆಗಳೇ. ಆದರೆ ಕೆಲವು ದಿನ ನಾಲ್ಕು ಹನಿ ಉದುರಿರುತ್ತದೆ. ಧೂಳಿನ ಮೇಲೆ ಗುರುತು ಕಾಣುತ್ತದೆ, ಮಣ್ಣಿನ ವಾಸನೆಯೂ ಬಂದಿರುತ್ತದೆ. ಅಳತೆ ಗಾಜಿನ ಮೊದಲ ಗೀಟಿಗೆ ಮಾತ್ರ ನೀರು ಮುಟ್ಟಿರುವುದಿಲ್ಲ. ಆ ದಿನ ಸೊನ್ನೆ ಅಂತ ಬರೆದರೆ ಸುಳ್ಳಾಗುತ್ತದೆ. 0.1 ಅಂತ ಬರೆದರೂ ಸುಳ್ಳೇ.

ಇಂಗ್ಲಿಷಿನಲ್ಲಿ ಇದಕ್ಕೆ 'ಟ್ರೇಸ್' ಅನ್ನುತ್ತಾರೆ. ಸಾಮಾನ್ಯವಾಗಿ 0.1 ಮಿ.ಮೀ.ಗಿಂತ ಕಡಿಮೆ ಬಿದ್ದಾಗ ಈ ಮಾತು. 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು. ಹಾಗಾಗಿ ಟ್ರೇಸ್ ಅಂದರೆ ಅಷ್ಟು ಜಾಗಕ್ಕೆ 100 ಮಿ.ಲೀ. ಕೂಡ ಇಲ್ಲ. ತಿಂಗಳ ಮೊತ್ತದಲ್ಲಿ ಅದು ಸೊನ್ನೆಯೇ. ಆದರೂ ಮೋಡ ಬಂದು ಹನಿ ಹಾಕಿ ಹೋದ ದಿನ ಬೇರೆ, ಒಣ ದಿನ ಬೇರೆ. ಬರದಲ್ಲಿ ಈ ವ್ಯತ್ಯಾಸ ನನಗೆ ತುಂಬ ಮುಖ್ಯ ಅನಿಸುತ್ತದೆ.

ಕನ್ನಡದಲ್ಲಿ ಯಾವ ಪದ ಸರಿ? ಮೊದಲು ನೆನಪಾಗುವುದು 'ತುಂತುರು'. ಅದು ಮಳೆ ಹೇಗೆ ಬಿತ್ತು ಅಂತ ಹೇಳುತ್ತದೆ, ಎಷ್ಟು ಬಿತ್ತು ಅಂತಲ್ಲ. ತುಂತುರು ಬಿಡದೆ ಹಿಡಿದರೆ ಮಾಪಕದಲ್ಲಿ ನೀರು ಚೆನ್ನಾಗಿಯೇ ನಿಲ್ಲುತ್ತದೆ. ಅದೇ ದಪ್ಪ ಹನಿ ಹತ್ತಿಪ್ಪತ್ತು ಬಿದ್ದು ನಿಂತರೆ ಏನೂ ಸಿಗುವುದಿಲ್ಲ. 'ಸೋನೆ' ಇನ್ನೂ ದೂರ, ಅದು ಗಂಟೆಗಟ್ಟಲೆ ಸುರಿಯುವ ಮಳೆ.

'ಲೇಶ' ಅನ್ನಬಹುದಿತ್ತು. ಆದರೆ ನಾವು ಅದನ್ನು ಜಾಸ್ತಿ ಬಳಸುವುದೇ 'ಲೇಶವೂ ಇಲ್ಲ' ಅಂತ, ಅಲ್ವಾ? ಓದಿದವರ ತಲೆಗೆ 'ಇಲ್ಲ' ಅನ್ನುವುದೇ ಮೊದಲು ಬರುತ್ತದೆ. 'ಸುಳಿವು' ಕೂಡ ಹೊಂದುವುದಿಲ್ಲ. ಮಳೆಯ ಸುಳಿವು ಅಂದರೆ ಇನ್ನು ಬರಬಹುದಾದ ಮಳೆ. ಇದು ಬಂದು ಹೋದದ್ದು.

ನನ್ನ ಮನಸ್ಸಿಗೆ ಹತ್ತಿರವಾದದ್ದು 'ಕುರುಹು'. ಒಂದು ಬಂದು ಹೋದ ಮೇಲೆ ಉಳಿಯುವ ಗುರುತು ಅದು. ಟ್ರೇಸ್‌ಗೆ ಇಂಗ್ಲಿಷಿನಲ್ಲಿ 'ಟಿ' ಅಂತ ಬರೆಯುವ ಹಾಗೆ ಇಲ್ಲಿ 'ಕು' ಅಂತ ಬರೆದರಾಯಿತು. ಒಂದೇ ಅನುಮಾನ: ಇಬ್ಬನಿ ಬಿದ್ದರೂ ಕುರುಹು ಉಳಿಯುತ್ತದೆ. ಆಗ 'ಮಳೆ ಕುರುಹು' ಅಂತ ಪೂರ್ತಿ ಬರೆಯಬೇಕು. ಸುಮ್ನೆ 'ಹನಿ' ಅಂತ ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ ನಿಜ. ಆದರೆ ಒಂದು ಹನಿಯೋ ನೂರು ಹನಿಯೋ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ಇದರ ಜೊತೆ ಇನ್ನೊಂದು. ಮಾಪಕ ನೋಡದ ದಿನ ಕಾಲಂ ಖಾಲಿ ಬಿಟ್ಟರೆ ಆಮೇಲೆ ಅದನ್ನೇ ಸೊನ್ನೆ ಅಂದುಕೊಳ್ಳುತ್ತಾರೆ. ಅಲ್ಲಿ ನಾನು 'ನೋಡಿಲ್ಲ' ಅಂತಲೇ ಬರೆಯುತ್ತೇನೆ. ಅದಕ್ಕೆ ಬೇರೆ ಪದ ಬೇಕಿಲ್ಲ.

ನೆಲ ನೆನೆಯದಷ್ಟು ಬಿದ್ದು ಹೋದ ಮಳೆಗೆ ನಿಮ್ಮ ಮನೆಮಾತಿನಲ್ಲಿ ಏನಾದರೂ ಪದ ಇದೆಯಾ? ಹೆಸರುಪದವೇ ಆಗಬೇಕಿಲ್ಲ. 'ಉದುರಿತು', 'ಹನಿ ಹಾಕಿತು' ಅನ್ನುವಂಥ ಕ್ರಿಯಾಪದವಾದರೂ ಸರಿ. ಹಿರಿಯರ ಬಾಯಲ್ಲಿ ಕೇಳಿದ್ದಾದರೆ, ಅವರು ಅದನ್ನು ಯಾವ ಮಾತಿನ ನಡುವೆ ಬಳಸಿದರು ಅನ್ನುವುದನ್ನೂ ಬರೆಯಿರಿ.