ಎಎಸ್/400 ಇಟ್ಕೋಬೇಕಾ, ತೆಗೀಬೇಕಾ? ಬಳಸಿದವರು ಹೇಳಿ

ಕೇಳಿದವರು: ಪೀಣ್ಯ, ಅಕೌಂಟ್ಸ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಆಟೋ ಪಾರ್ಟ್ಸ್ ಮಾಡೋ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡ್ಕೋತೀನಿ. 1996ರಿಂದ ಸ್ಟೋರ್ಸ್, ಡಿಸ್ಪ್ಯಾಚ್, ಬಿಲ್ಲಿಂಗ್ ಎಲ್ಲಾ ಎಎಸ್/400 ಅನ್ನೋ ಐಬಿಎಂ ಕಂಪ್ಯೂಟರ್ ಮೇಲೇ ನಡೀತಿದೆ. ಮಿಷಿನ್ ಮೂರು ಸಲ ಬದಲಾಯ್ತು, ಸ್ಕ್ರೀನ್ ಮಾತ್ರ ಅದೇ ಹಸಿರು ಅಕ್ಷರದ್ದು. ಈಗ ಯಜಮಾನರ ಮಗ ಬಂದು ಕೂತಿದ್ದಾರೆ. ಕಸ್ಟಮರ್‌ಗಳು ಫ್ಯಾಕ್ಟರಿ ನೋಡೋಕೆ ಬಂದಾಗ ಆ ಸ್ಕ್ರೀನ್ ತೋರಿಸೋಕೆ ನಾಚಿಕೆಯಂತೆ, ಕ್ಲೌಡ್ ಇಆರ್‌ಪಿ, ಅಂದ್ರೆ ಇಂಟರ್ನೆಟ್ ಮೇಲೆ ಓಡೋ ರೆಡಿಮೇಡ್ ಸಾಫ್ಟ್‌ವೇರ್, ಹಾಕೋಣ ಅಂತಾರೆ. ಸ್ಟೋರ್ಸಿನವರು ಬೇಡವೇ ಬೇಡ ಅಂತ ಪಟ್ಟು ಹಿಡಿದಿದ್ದಾರೆ. ಬಳಸೋವರ ಅಭಿಪ್ರಾಯ ಸೇರಿಸಿ ಒಂದು ನೋಟ್ ಕೊಡಿ ಅಂತ ನನ್ನ ತಲೆಗೆ ಕಟ್ಟಿದ್ದಾರೆ. ನಾನು ಬಿ.ಕಾಂ., ಕಂಪ್ಯೂಟರ್ ಓದಿದವಳಲ್ಲ. ಬಳಸ್ತಿರೋವರು, ಬಿಟ್ಟವರು, ಬಿಟ್ಟು ಕೈ ಕೈ ಹಿಸುಕಿಕೊಂಡವರು ಇದ್ರೆ ದಯವಿಟ್ಟು ಬರೀರಿ.

ಮೈಸೂರು, ನಿವೃತ್ತ ಡಿಸ್ಪ್ಯಾಚ್ ಗುಮಾಸ್ತ

ನಾನು 22 ವರ್ಷ ಅದರ ಮುಂದೆ ಕೂತಿದ್ದೆ, ಅದಕ್ಕೆ ಹೇಳ್ತೀನಿ. ಗೇಟಲ್ಲಿ ಲಾರಿ ನಿಂತಿರುತ್ತೆ, ಡ್ರೈವರ್ ಹಾರನ್ ಹೊಡೀತಿರ್ತಾನೆ. ಬಲಗೈ ನಂಬರ್ ಪ್ಯಾಡ್ ಮೇಲೆ, ಕಣ್ಣು ಚಲನ್ ಮೇಲೆ. ಐಟಂ ಕೋಡ್, ಫೀಲ್ಡ್ ಎಕ್ಸಿಟ್ ಕೀ (ಮುಂದಿನ ಖಾನೆಗೆ ಹೋಗೋದು), ಕ್ವಾಂಟಿಟಿ, ಫೀಲ್ಡ್ ಎಕ್ಸಿಟ್, ಎಂಟರ್. ಸ್ಕ್ರೀನ್ ನೋಡ್ತಾನೇ ಇರಲಿಲ್ಲ. ತಪ್ಪಾದ್ರೆ ಕೀಬೋರ್ಡ್ ಲಾಕ್ ಆಗೋದು, ಬೆರಳಿಗೇ ಗೊತ್ತಾಗ್ತಿತ್ತು. ಆಮೇಲೆ ಮೌಸ್ ಹಿಡಿದು ಕ್ಲಿಕ್ ಮಾಡೋ ಸ್ಕ್ರೀನ್ ತಂದು ಟ್ರಯಲ್ ಮಾಡಿಸಿದ್ರು. ಒಂದು ಚಲನ್‌ಗೆ ಹಿಡಿಯೋ ಹೊತ್ತಲ್ಲಿ ನಾನು ಹಳೇದರಲ್ಲಿ ಮೂರು ಮುಗಿಸ್ತಿದ್ದೆ.

ಹಾಗಂತ ಅದು ದೇವರೇನೂ ಅಲ್ಲ. ಮೊದಲ ಆರು ತಿಂಗಳು ಬೈಕೊಂಡೇ ಕೆಲಸ ಮಾಡಿದ್ದು. ಐಟಂ ಹೆಸರು 30 ಅಕ್ಷರ ದಾಟಿದ್ರೆ ಜಾಗ ಇಲ್ಲ, ಅರ್ಧ ಹೆಸರು ನೋಡಿ ಬೋಲ್ಟ್ ಯಾವುದು, ನಟ್ ಯಾವುದು ಅಂತ ಊಹೆ ಮಾಡ್ಬೇಕಿತ್ತು. ಹೊಸ ಹುಡುಗರಿಗೆ ಕಲಿಸೋವರಾರೂ ಇರಲಿಲ್ಲ, ನಾವೇ ಬೈದು ಕಲಿಸ್ತಿದ್ದದ್ದು.

ಬೆಂಗಳೂರು, ಆರ್‌ಪಿಜಿ (ಎಎಸ್/400 ಪ್ರೋಗ್ರಾಂ ಬರೆಯೋ ಭಾಷೆ) ಪ್ರೋಗ್ರಾಮರ್

ಮೇಡಂ, ನಿಮ್ಮ ಆಫೀಸಲ್ಲಿ ಎಎಸ್/400 ಅಂತ ಒಬ್ಬೊಬ್ಬರು ಒಂದೊಂದಕ್ಕೆ ಹೇಳ್ತಿದ್ದಾರೆ. ಯಜಮಾನರ ಮಗನಿಗೆ ಅದು ಹಸಿರು ಪರದೆ. ಸ್ಟೋರ್ಸಿನವರಿಗೆ ಅದು ಅವರಿಗಂತಲೇ ಹೊಲಿಸಿದ ಪ್ರೋಗ್ರಾಂ. ಅಸಲಿ ಮಿಷಿನ್ ಬಗ್ಗೆ ಯಾರೂ ಮಾತೇ ಆಡ್ತಿಲ್ಲ. ಈ ಮೂರನ್ನೂ ಬಿಡಿಸದೆ ನೋಟ್ ಬರೆದ್ರೆ ಜಗಳ ಮುಗಿಯಲ್ಲ.

ಮೊದಲು ಮಿಷಿನ್. ಐಬಿಎಂ ಇದನ್ನ ಹೊರಗೆ ತಂದಿದ್ದು 1988ರ ಜೂನ್ 21ಕ್ಕೆ, ಹುಟ್ಟಿದ್ದು ಅಮೆರಿಕದ ಮಿನ್ನೆಸೋಟಾದ ರೋಚೆಸ್ಟರ್‌ನಲ್ಲಿ. ಆಮೇಲೆ ಐಸೀರೀಸ್ ಆಯ್ತು, ಸಿಸ್ಟಂ ಐ ಆಯ್ತು, 2008ರಿಂದ ಐಬಿಎಂ ಐ. ಹೆಸರು ಎಷ್ಟು ಸಲ ಬದಲಾದ್ರೂ ಬಳಸೋವರ ಬಾಯಲ್ಲಿ ಎಎಸ್/400 ಹೋಗಲೇ ಇಲ್ಲ. ಹಳೇ ಕಾಲದ್ದು ಅನ್ನೋ ಅಪವಾದ ಅರ್ಧ ಅಲ್ಲಿಂದಲೇ ಬಂದಿದ್ದು. 2025ರಲ್ಲಿ 7.6 ವರ್ಶನ್ ಬಂದಿದೆ. 1995ರಲ್ಲಿ ಒಳಗಿನ ಪ್ರೊಸೆಸರ್ರೇ ಪೂರ್ತಿ ಬೇರೆ ಆದಾಗಲೂ ಹೆಚ್ಚಿನ ಪ್ರೋಗ್ರಾಂಗಳನ್ನ ಮತ್ತೆ ಬರೀಬೇಕಾಗಿ ಬರಲಿಲ್ಲ. ಪ್ರೋಗ್ರಾಂಗೂ ಹಾರ್ಡ್‌ವೇರ್‌ಗೂ ಮಧ್ಯೆ ಅವರು ಒಂದು ಪದರ ಇಟ್ಟಿದ್ರು, ಅದರ ಪುಣ್ಯ. ನಿಮ್ಮ ಮಿಷಿನ್ ಮೂರು ಸಲ ಬದಲಾದ್ರೂ ಸ್ಟೋರ್ಸಿನವರಿಗೆ ಗೊತ್ತಾಗದೆ ಇದ್ದದ್ದು ಅದಕ್ಕೇ. ನಿಮ್ಮದು ಯಾವ ವರ್ಶನ್ ಅಂತ ಮಾತ್ರ ನೋಡಿಸಿ. 7.3 ಆದ್ರೆ ಅದರ ಸಾಮಾನ್ಯ ಸಪೋರ್ಟ್ 2023ರ ಸೆಪ್ಟೆಂಬರಿಗೇ ಮುಗಿದಿದೆ.

ಪರದೆಯ ನಾಚಿಕೆ ಸುಲಭದ ವಿಷಯ. ಅದೇ ಡೇಟಾ ಮೇಲೆ ಬ್ರೌಸರ್ ಸ್ಕ್ರೀನ್ ಕೂರಿಸಬಹುದು. ನೋಡೋವರಿಗೆ ಅದು, ಎಂಟ್ರಿ ಮಾಡೋವರಿಗೆ ಹಸಿರೇ ಇರಲಿ. ಎರಡೂ ಒಟ್ಟಿಗೆ ಓಡುತ್ತೆ.

ಕಷ್ಟ ಇರೋದು ಪ್ರೋಗ್ರಾಂನಲ್ಲಿ. ನಾನು ನೋಡ್ತಿದ್ದ ಒಂದು ಫ್ಯಾಕ್ಟರಿ ಕಥೆ ಕೇಳಿ. 2017ರ ಜುಲೈಗೆ ಜಿಎಸ್‌ಟಿ ಬಂದಾಗ 15 ಅಕ್ಷರದ ನಂಬರ್ ಇಡೋಕೆ ಕಸ್ಟಮರ್ ಫೈಲಲ್ಲಿ ಜಾಗ ಇರಲಿಲ್ಲ. ವಿಳಾಸದ ಕೊನೇ ಸಾಲಿನಲ್ಲಿ ತುರುಕಿದ್ರು. 2022ರ ಅಕ್ಟೋಬರಿಂದ 10 ಕೋಟಿ ವಹಿವಾಟು ದಾಟಿದವರಿಗೂ ಇ-ಇನ್‌ವಾಯ್ಸ್ (ಬಿಲ್ಲನ್ನ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸೋದು) ಕಡ್ಡಾಯ ಆಯ್ತಲ್ಲ, ಆಗ ಬಿಲ್ಲಿಂಗ್ ಹುಡುಗಿ ಒಂದೊಂದೇ ಬಿಲ್ಲನ್ನ ನೋಡಿ ನೋಡಿ ಪೋರ್ಟಲ್‌ನಲ್ಲಿ ಮತ್ತೆ ಟೈಪ್ ಮಾಡ್ತಿದ್ಲು. ಇಡೀ ಆಫೀಸಿಗೆ ಅನಿಸಿದ್ದು ಒಂದೇ: ಈ ದರಿದ್ರ ಎಎಸ್/400 ಇಂದ ಆಗಲ್ಲ. ಆದ್ರೆ ಅದು ಅದೇ ಮಿಷಿನ್‌ನಿಂದ ನೇರ ಆಗೋ ಕೆಲಸ. ಎಸ್‌ಕ್ಯುಎಲ್ ಅನ್ನೋ ಡೇಟಾಬೇಸ್ ಭಾಷೆಯಿಂದಲೇ ಹೊರಗಿನ ಸರ್ವರ್‌ಗೆ ಬಿಲ್ ಕಳಿಸಿ ಕ್ಯೂಆರ್ ಕೋಡ್ ವಾಪಸ್ ತರಿಸ್ಕೋಬಹುದು. ಮಾಡಿಕೊಡಿ ಅಂತ ಯಾರೂ ಕೇಳಿರಲಿಲ್ಲ, ಮಾಡಬಹುದು ಅಂತ ಯಾರೂ ಹೇಳಿರಲಿಲ್ಲ. ಮಾಡಿ ಮುಗಿಸಿದ ಮೇಲೆ ಆ ಹುಡುಗಿಯೇ ಹಳೇದು ಇರಲಿ ಅನ್ನೋ ಪಾರ್ಟಿಗೆ ಸೇರಿದ್ಲು.

ಒಂದು ಎಚ್ಚರಿಕೆ. ಓಡೋ ಪ್ರೋಗ್ರಾಂ ಬೇರೆ, ಅದರ ಸೋರ್ಸ್, ಅಂದ್ರೆ ಪ್ರೋಗ್ರಾಮರ್ ಬರೆದಿಟ್ಟ ಮೂಲ ಕೋಡ್, ಬೇರೆ. ಸೋರ್ಸ್ ಕಳೆದುಹೋಗಿದ್ರೂ ಪ್ರೋಗ್ರಾಂ ವರ್ಷಾನುಗಟ್ಟಲೆ ತನ್ನ ಪಾಡಿಗೆ ಓಡ್ತಿರುತ್ತೆ, ಯಾರಿಗೂ ಅನುಮಾನವೇ ಬರಲ್ಲ. ಬದಲಾಯಿಸೋಕೆ ಹೋದ ದಿನ ಗೊತ್ತಾಗುತ್ತೆ. ನಾಳೆಯೇ ಕೇಳಿ: ನಮ್ಮ ಸೋರ್ಸ್ ಎಲ್ಲಾ ಇದೆಯಾ? ಬರೆದವರು ಯಾರು, ಈಗ ಎಲ್ಲಿದ್ದಾರೆ?

ಹುಬ್ಬಳ್ಳಿ, ಪರ್ಚೇಸ್

ಅಕ್ಕಾರ, ನಾವು ಬಿಟ್ಟಿವ್ರಿ, 2014ರಾಗ. ಹೊಸಾದು ನೋಡಾಕ ಚೆಂದ ಐತಿ, ಸುಳ್ಳ ಯಾಕ ಹೇಳ್ಲಿ. ಮ್ಯಾನೇಜರ್ ಮಂದಿಗೆ ಭಾಳ ಖುಷಿ ಆತು, ಮೊಬೈಲ್‌ನಾಗ ಗ್ರಾಫ್ ಬರ್ತಾವ. ಖರೆ ಕುಂತು ಎಂಟ್ರಿ ಹೊಡಿಯೋರ ಕಥಿನ ಬ್ಯಾರೆ. ಹಳೇದ್ರಾಗ ನಮ್ಮ ಸಪ್ಲೈಯರ್ ಒಬ್ಬಂವ ರೇಟ್ ಏರಿಸಿದ್ರ ತಾನ ತಡೀತಿತ್ತು. ಯಾರ ಹಾಕಿದ್ರೋ ಏನೋ, ಯಾವ ಕಾಗದದಾಗೂ ಬರದಿರಲಿಲ್ಲ. ಹೊಸಾದ್ರಾಗ ಅದು ಬರಲೇ ಇಲ್ಲ. ಅದು ಇಲ್ಲಂತ ಗೊತ್ತಾಗಿದ್ದು ರೊಕ್ಕಾ ಹೋದ ಮ್ಯಾಲೆ. ಈಗ ಆ ಕೆಲಸಾ ನಾನ ಎಕ್ಸೆಲ್‌ನಾಗ ಮಾಡ್ತೀನಿ. ಹಳೇ ಮಿಷಿನ್ ಇನ್ನೂ ಆರಿಸಿಲ್ಲ ಬಿಡ್ರಿ, ಹಳೇ ಬಿಲ್ ನೋಡಾಕ ಬೇಕಲ್ಲ. ಎರಡರ ಖರ್ಚೂ ನಡದೈತಿ.

ತುಮಕೂರು, ಬಿಲ್ಲಿಂಗ್, ವಯಸ್ಸು 26

ಎಲ್ಲರೂ ಹೊಗಳ್ತಿದ್ದೀರಿ, ನನ್ನ ಮಾತೂ ಸೇರಿಸ್ಕೊಳ್ಳಿ. ಸ್ಪೀಡ್ ಇದೆ, ನಿಜ. ಒಂದು ದಿನವೂ ಹ್ಯಾಂಗ್ ಆಗಿದ್ದು ನೋಡಿಲ್ಲ. ಆದ್ರೆ ಇಂಟರ್‌ವ್ಯೂಗೆ ಹೋದ್ರೆ ಯಾವ ಸಾಫ್ಟ್‌ವೇರ್ ಗೊತ್ತು ಅಂತ ಕೇಳ್ತಾರೆ. ಎಎಸ್/400 ಅಂದ್ರೆ ನಗ್ತಾರೆ. ಮೂರು ವರ್ಷ ಕೆಲಸ ಮಾಡಿ ರೆಸ್ಯೂಮೆಗೆ ಒಂದು ಸಾಲೂ ಸಿಗಲಿಲ್ಲ. ಹಿರಿಯರಿಗೆ ಪೆನ್ಷನ್ ತನಕ ಸಾಕು, ನಮಗೆ?

ಒಹಾಯೊ, ಇನ್ಶೂರೆನ್ಸ್ ಕಂಪನಿ

ಊರು ದಾವಣಗೆರೆ, ಇಲ್ಲಿ 15 ವರ್ಷ ಆಯ್ತು. ಇಲ್ಲೂ ಅದೇ ಗೋಳು. ಬಳಸೋವರು ಬಿಡಲ್ಲ, ಮೇಲಿನವರು ಇಟ್ಕೊಳ್ಳೋಕೆ ಒಪ್ಪಲ್ಲ, ಬರೆದವರು ರಿಟೈರ್ ಆಗ್ತಿದ್ದಾರೆ. ನಾವು ಇಬ್ಬರು ಹೊಸಬರನ್ನ ತಗೊಂಡು ಆರ್‌ಪಿಜಿ ಕಲಿಸಿದ್ವಿ. ಈಗ ಅದನ್ನ ಕಾಲಂ ಲೆಕ್ಕ ಹಾಕದೆ ಬೇರೆ ಭಾಷೆಗಳ ಥರಾನೇ ಬರೀಬಹುದು, ಬೇಗ ಹಿಡ್ಕೊಂಡ್ರು. ನಮ್ಮ ತಲೆನೋವು ತಾರೀಖು. ಎರಡಂಕಿ ವರ್ಷದ ತಾರೀಖನ್ನ ಈ ಸಿಸ್ಟಂ ಮಾಮೂಲಾಗಿ 1940ರಿಂದ 2039ರ ಒಳಗಿನದು ಅಂತ ಓದುತ್ತೆ, 40 ಅಂದ್ರೆ ಅದಕ್ಕೆ 1940. 30 ವರ್ಷದ ಪಾಲಿಸಿ ಮಾರೋವರಿಗೆ ಅದು ಈಗಾಗ್ಲೇ ಬಾಗಿಲಿಗೆ ಬಂದಿದೆ. ನಿಮ್ಮ ಫ್ಯಾಕ್ಟರಿಗೆ ಇನ್ನೂ ಸಮಯ ಇದೆ, ಆದ್ರೂ ನೋಟಿನಲ್ಲಿ ಒಂದು ಸಾಲು ಹಾಕಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ತುಮಕೂರಿನ ತಂಗಿ ಹೇಳಿದ್ದನ್ನ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬಿಲ್ಲಿಂಗ್ ಹುಡುಗರನ್ನ ಬೇರೆ ಕೂರಿಸಿ ಕೇಳಿದೆ, ಅವರದ್ದೂ ಅದೇ.

ಸೋರ್ಸ್ ವಿಚಾರಿಸಿದೆ. ಬರೆದವರು ರಿಟೈರ್ ಆಗಿ ಶನಿವಾರ ಮಾತ್ರ ಬರ್ತಾರೆ. ಸಬ್-ಕಾಂಟ್ರಾಕ್ಟ್ ಪ್ರೋಗ್ರಾಂದು ಬಿಟ್ಟು ಉಳಿದದ್ದೆಲ್ಲಾ ಇದೆಯಂತೆ. ನಮ್ಮ ಅರ್ಧ ವ್ಯಾಪಾರ ಸಬ್-ಕಾಂಟ್ರಾಕ್ಟ್ ಮೇಲೇ ನಿಂತಿರೋದು.

ಹುಬ್ಬಳ್ಳಿಯವರ ಮಾತು ಓದಿದ ಮೇಲೆ ನಿನ್ನೆ ಅರ್ಧ ದಿನ ಸ್ಟೋರ್ಸ್ ಕೌಂಟರ್‌ನಲ್ಲೇ ಕೂತಿದ್ದೆ. ಅಲ್ಲಿನ ಹಿರಿಯರ ಕೀಬೋರ್ಡ್ ಪಕ್ಕ ಒಂದು ಹಳೇ ಡೈರಿ ಇದೆ. ಯಾವ ಐಟಂಗೆ ಯಾವ ಕೋಡ್ ಹಾಕಿದ್ರೆ ಸಿಸ್ಟಂ ಏನು ಮಾಡುತ್ತೆ, ಯಾವಾಗ ತಡೆಯುತ್ತೆ, ಯಾವಾಗ ಸುಮ್ನೆ ಬಿಡುತ್ತೆ, ಎಲ್ಲಾ ಪೆನ್ಸಿಲ್‌ನಲ್ಲಿ ಬರ್ಕೊಂಡಿದ್ದಾರೆ. ಝೆರಾಕ್ಸ್ ಮಾಡಿಸ್ಕೋತೀನಿ ಕೊಡಿ ಸಾರ್ ಅಂದೆ. 'ಯಾವುದು ಇಡ್ತೀರಿ ಅಂತ ಮೊದಲು ತೀರ್ಮಾನ ಮಾಡಿ ಬನ್ನಿ ಮೇಡಂ' ಅಂತ ಡೈರಿ ಡ್ರಾಯರ್‌ಗೆ ಹಾಕಿ ಬೀಗ ಹಾಕ್ಕೊಂಡ್ರು.